ಹತ್ತನೇ ಲಾಂದ್ರದ ಅಪ್ಪ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ಪದ್ಮ ಆಂಟಿಯ ಫೋನ್ ಬಂತು. ಆಗ ಮಂಜರಿ ಶಿಕಾಗೊ ಹತ್ತಿರದ ಲೈಲ್‌ನ ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತು, ತಾನು ಕನ್ನಡಕ್ಕೆ ತಂದ ವಿಡಿಯೊ ಗೇಮ್ ಬಗ್ಗೆ ಯಾವ್ಯಾವುದೋ ಊರಿನವರೆಲ್ಲ ಬರೆದದ್ದನ್ನು ಓದಿ ಒಬ್ಬಳೇ ನಗುತ್ತಿದ್ದಳು.

"ಮಂಜರೀ, ನಾನಮ್ಮ, ಪದ್ಮ. ಅಂಕಲ್‌ಗೆ ಹುಷಾರಿಲ್ಲ ಕಣಮ್ಮ. ಸಾಧ್ಯ ಆದ್ರೆ ಒಂದ್ಸಲ ಬಂದು ಹೋಗು. ವಿಳಾಸ ಕಳಿಸ್ತೀನಿ."

ನಗು ಬಾಯಲ್ಲೇ ಒಣಗಿತು. ಆಂಟಿಯ ಹಿಂದೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದ ಸದ್ದು.

"ಬರ್ತೀವಿ ಆಂಟಿ. ನೀವು ಧೈರ್ಯವಾಗಿರಿ," ಅಂದಳು ಮಂಜರಿ. ಅತ್ತ ಕಡೆ ಒಂದು ಉಸಿರು ಕೇಳಿಸಿ ಫೋನ್ ಕಟ್ಟಾಯಿತು.

ಗಂಡ ಪ್ರಸಾದ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. "ಯಾರದು?"

"ಪದ್ಮ ಆಂಟಿ. ಉಪೇಂದ್ರ ಅಂಕಲ್‌ಗೆ ಹುಷಾರಿಲ್ಲ, ಬಂದು ಹೋಗು ಅಂದ್ರು."

ಪ್ರಸಾದ್ ಬ್ರಷ್ ಹೊರಗೆ ತೆಗೆದ. "ಅಯ್ಯೋ ಶಿವನೇ. ಯಾವಾಗಂತೆ?"

"ಕೇಳಲಿಲ್ಲ."

"ಅದನ್ನ ಹೇಗೆ ಕೇಳೋಕಾಗುತ್ತೆ, ಬಿಡು."

ಇಬ್ಬರೂ ಮೈಸೂರು ಕಡೆಯವರು. ಇಬ್ಬರಿಗೂ ಇದನ್ನು ಯಾರೂ ಕಲಿಸಿರಲಿಲ್ಲ, ಆದರೂ ಬರುತ್ತಿತ್ತು. ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ಸಾವು ಅಂತ ಹೇಳಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದವರು ದಾರಿಯಲ್ಲಿ ಕುಸಿದುಬಿಟ್ಟರೆ? ಹುಷಾರಿಲ್ಲ ಅನ್ನುತ್ತಾರೆ, ಬಾ ಅನ್ನುತ್ತಾರೆ. ಕೇಳಿದವರಿಗೆ ಗೊತ್ತಾಗುತ್ತದೆ, ಆದರೆ ಗೊತ್ತಾಯಿತೆಂದು ಬಾಯಿಬಿಡುವುದಿಲ್ಲ. ಸತ್ತವರ ಮನೆಯ ಹೊಸ್ತಿಲು ತುಳಿಯುವವರೆಗೂ ಎರಡು ಕಡೆಯವರೂ ಸೇರಿ ಆ ಮನುಷ್ಯನನ್ನು ಬದುಕಿಸಿ ಇಟ್ಟಿರುತ್ತಾರೆ.

ಮಂಜರಿ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಎಂಟು ತಿಂಗಳಿಂದ ಮಾಡಬೇಕೆಂದುಕೊಂಡಿದ್ದ ಒಂದು ಫೋನ್ ನೆನಪಾಯಿತು.

ಉಪೇಂದ್ರ ಅಂಕಲ್ ಅವಳ ನೆಂಟರಲ್ಲ. ಡೆಟ್ರಾಯಿಟ್‌ನ ಕಾರು ಕಂಪನಿಯೊಂದರಲ್ಲಿ ಮೂವತ್ತೈದು ವರ್ಷ ಬಾಗಿಲುಗಳ ವಿನ್ಯಾಸ ಮಾಡಿ ನಿವೃತ್ತರಾದ, ಎಪ್ಪತ್ತೊಂದು ವರ್ಷದ ಮನುಷ್ಯ. ಶಿಕಾಗೊದ ಎರಡು ಕೋಣೆಯ ಸ್ಟುಡಿಯೊವೊಂದು ತನ್ನ ಬಾಹ್ಯಾಕಾಶದ ಆಟಕ್ಕೆ ಕನ್ನಡ ಅನುವಾದಕರು ಬೇಕೆಂದು ಕರೆ ಕೊಟ್ಟಾಗ ಅರ್ಜಿ ಹಾಕಿದವರು ಇಬ್ಬರೇ. ಒಬ್ಬಳು ಮಂಜರಿ: ಹಗಲು ಐ-88 ಹೆದ್ದಾರಿ ಪಕ್ಕದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಸಂಜೆ ಹೊತ್ತು ಯಾವ್ಯಾವುದೋ ದೇಶದ ಅನುವಾದಿತ ಕಾದಂಬರಿಗಳು. ಇನ್ನೊಬ್ಬರು ಇವರು. ಜೀವಮಾನದಲ್ಲಿ ವಿಡಿಯೊ ಗೇಮ್ ಆಡಿದವರಲ್ಲ. "ಆಟ ನೀನಾಡು, ಮಾತು ನಾನು ನೋಡ್ಕೋತೀನಿ," ಅಂದಿದ್ದರು.

ಆಟದ ಹೆಸರು ‘ಟೆಂತ್ ಲ್ಯಾಂಟರ್ನ್’. ಕನ್ನಡದಲ್ಲಿ ‘ಹತ್ತನೇ ಲಾಂದ್ರ’. ಲಾಂದ್ರ ಅನ್ನುವ ಪದ ಅವರು ಕೊಟ್ಟದ್ದು. ಮಂಕಾದ ಒಂದು ನಕ್ಷತ್ರದ ಸುತ್ತ ಹತ್ತು ನಿಲ್ದಾಣಗಳು. ಆಡುವವನು ಪುಟ್ಟ ನೌಕೆಯಲ್ಲಿ ಒಂಟಿಯಾಗಿ ಸುತ್ತುತ್ತ ನಲವತ್ತು ಉಪಗ್ರಹಗಳ ನಕ್ಷೆ ಬರೆಯಬೇಕು. ಮೊದಲ ಗಂಟೆಯಲ್ಲೇ ಹತ್ತನೇ ನಿಲ್ದಾಣದಿಂದ ಸಂದೇಶ ಬರುತ್ತದೆ: ನಿನ್ನ ಅಪ್ಪನಿಗೆ ಹುಷಾರಿಲ್ಲ. ಎಲ್ಲ ಬಿಟ್ಟು ಸೀದಾ ಹೋದರೆ ಆಟದ ಲೆಕ್ಕದಲ್ಲಿ ಆರು ದಿನದ ಪಯಣ. ಆರು ದಿನದೊಳಗೆ ಮುಟ್ಟಿದವರಿಗೆ ಅಪ್ಪ ಸಿಗುತ್ತಾನೆ, ಹಾಸಿಗೆಯಲ್ಲಿ ಒರಗಿ ಕೂತು ಮಾತಾಡುತ್ತಾನೆ, ಲಾಂದ್ರಗಳನ್ನು ಹಚ್ಚಿದವರು ಯಾರೆಂಬ ಗುಟ್ಟು ಹೇಳುತ್ತಾನೆ. ತಡವಾದರೆ ಖಾಲಿ ಹಾಸಿಗೆ. ಇಷ್ಟು ದಿನದೊಳಗೆ ಬಾ ಎಂದು ಆಟ ಎಲ್ಲೂ ಹೇಳುವುದಿಲ್ಲ.

ಹನ್ನೊಂದು ಸಾವಿರ ಸಾಲು. ಎಲ್ಲವೂ ಸ್ಪ್ರೆಡ್‌ಶೀಟಿನಲ್ಲಿ, ಯಾರು ಯಾರಿಗೆ ಹೇಳಿದ್ದೆಂಬ ಗುರುತಿಲ್ಲದೆ. ಪ್ರತಿ ಮಂಗಳವಾರ ಸಂಜೆ ಇಬ್ಬರೂ ಆನ್‌ಲೈನ್ ಕೂರುತ್ತಿದ್ದರು. ಮಂಜರಿ ಬರೆದದ್ದನ್ನು ಅಂಕಲ್ ಗಟ್ಟಿಯಾಗಿ ಓದುತ್ತಿದ್ದರು. ಕಿವಿಗೆ ಬೀಳದ ಸಾಲನ್ನು ಪಾಸು ಮಾಡಬಾರದೆಂಬುದು ಅವರ ನಿಯಮ. ಆರು ತಿಂಗಳು ಹಾಗೇ ನಡೆಯಿತು. ಅವರ ಬೈಗುಳಕ್ಕೆ, ಹಳೆಯ ಪದಗಳಿಗೆ, ಮಧ್ಯೆ ಆಂಟಿ ತಂದಿಡುವ ಕಾಫಿ ಲೋಟದ ಸದ್ದಿಗೆ ಮಂಜರಿ ಒಗ್ಗಿಹೋದಳು. ಮಂಗಳವಾರ ಬಂತೆಂದರೆ ಆಫೀಸಿನಿಂದ ಓಡಿ ಬರುತ್ತಿದ್ದಳು.

ಜಗಳವಾದದ್ದು ಆ ಸಂದೇಶದ ಮೇಲೆ. ಮೂಲದಲ್ಲಿ ಎರಡು ಪುಟ್ಟ ವಾಕ್ಯ. ಮಂಜರಿಯೂ ಎರಡೇ ಬರೆದಿದ್ದಳು: ‘ಅಪ್ಪನಿಗೆ ಹುಷಾರಿಲ್ಲ. ಸಾಧ್ಯವಾದರೆ ಬಂದು ಹೋಗು.’

ಅಂಕಲ್ ಗಟ್ಟಿಯಾಗಿ ಓದಿದರು. ಆಮೇಲೆ, "ಅಪ್ಪನ್ನ ಕೊಂದುಬಿಟ್ಯಲ್ಲಮ್ಮ," ಅಂದರು.

"ಎಲ್ಲಿ ಕೊಂದೆ ಅಂಕಲ್?"

"ನಮ್ಮ ಕಾಲದಲ್ಲಿ ಟೆಲಿಗ್ರಾಂ ಬರೋದು. ‘ಫಾದರ್ ಸೀರಿಯಸ್’ ಅಂತ. ಅಂಚೆಯವನ ಮುಖ ನೋಡಿಯೇ ಮನೆಯವರು ಅಳೋಕೆ ಶುರು ಮಾಡೋರು. ಇದನ್ನ ಓದಿದ ಯಾವ ಕನ್ನಡದವನೂ ಅಪ್ಪ ಬದುಕಿದಾನೆ ಅಂತ ನಂಬಲ್ಲ. ಮಾತಾಡ್ತಿದಾನೆ, ನಿನ್ನನ್ನ ಕೇಳ್ತಿದಾನೆ, ಗಂಜಿಗೆ ಉಪ್ಪಿಲ್ಲ ಅಂತ ಬೈತಿದಾನೆ ಅಂತ ಏನಾದ್ರೂ ಸೇರಿಸು."

"ಮೂಲದಲ್ಲಿ ಇಲ್ಲದ್ದನ್ನ ಸೇರಿಸೋಕಾಗಲ್ಲ. ಓದುವವರು ದಡ್ಡರಲ್ಲ ಅಂಕಲ್."

"ದಡ್ಡರಲ್ಲ ಅಂತಲೇ ಹೇಳ್ತಿರೋದು. ಜಾಸ್ತಿ ಬುದ್ಧಿವಂತರು. ಇಲ್ಲದ್ದನ್ನೂ ಓದ್ಕೋತಾರೆ."

ಮೂರು ಮಂಗಳವಾರ ಇದೇ ಆಯಿತು. ಮೂರನೆಯದರಲ್ಲಿ ಮಂಜರಿ, "ಇದು ಅನುವಾದ ಅಂಕಲ್, ನಿಮ್ಮ ಹರಿಕಥೆ ಅಲ್ಲ," ಅಂದುಬಿಟ್ಟಳು. ಅವರ ಅಪ್ಪ ಹರಿಕಥೆ ಮಾಡಿಯೇ ಇಬ್ಬರು ಗಂಡುಮಕ್ಕಳನ್ನು ಓದಿಸಿದವರೆಂದು ಆಗ ಅವಳಿಗೆ ಗೊತ್ತಿರಲಿಲ್ಲ. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿಯಮ್ಮ, ನಿನ್ನ ಸಾಲೇ ಇರಲಿ," ಅಂದರು. ಮಾರನೇ ದಿನ ಸ್ಟುಡಿಯೊಗೆ ಒಂದು ಸಾಲಿನ ಮೇಲ್ ಹೋಯಿತು: ಅನುವಾದಕರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಆಟ ಬಿಡುಗಡೆಯಾಯಿತು. ಅವಳ ಹೆಸರೊಂದೇ ಬಂತು. ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಫೋನ್ ಎತ್ತಿದ್ದಳು, ನಾಲ್ಕು ಸಲ ಇಟ್ಟಿದ್ದಳು. ಈಗ ಯಾರಿಗೆ ಫೋನ್ ಮಾಡುವುದು?

ಹೋದವರ ಮನೆಗೆ ಹೊರಡುವುದಕ್ಕೆ ಆತುರವಿರುವುದಿಲ್ಲ, ತಯಾರಿ ಇರುತ್ತದೆ. ಪ್ರಸಾದ್ ಕಾರಿನ ಟೈರಿಗೆ ಗಾಳಿ ಹಿಡಿಸಿಕೊಂಡು ಬಂದ. ಮಂಜರಿ ಎರಡು ದಿನದ ಬಟ್ಟೆ ಜೋಡಿಸಿ, ಬಣ್ಣ ಕಡಿಮೆಯಿರುವ ಸೀರೆ ಹುಡುಕಿ ಇಸ್ತ್ರಿ ಮಾಡಿದಳು. ಅಂತ್ಯಕ್ರಿಯೆ ಸೋಮವಾರಕ್ಕೆ ಮೊದಲು ಆಗಲಿಕ್ಕಿಲ್ಲ, ಭಾನುವಾರ ಯಾರೂ ಮಾಡಿಕೊಡುವುದಿಲ್ಲ ಎಂದು ಪ್ರಸಾದ್ ಲೆಕ್ಕ ಹಾಕಿದ. ಆಂಟಿಗೆ ಅಡುಗೆ ಮಾಡಿಕೊಳ್ಳಲಾಗುವುದಿಲ್ಲವೆಂದು ಚಪಾತಿ ಕಟ್ಟಿಕೊಂಡರು. ನೇಪರ್‌ವಿಲ್‌ನ ಇಂಡಿಯನ್ ಅಂಗಡಿ ತೆರೆಯುವುದು ಹತ್ತೂವರೆಗೆ. ಅಲ್ಲಿ ಕಾದು ಒಂದು ಸೇವಂತಿಗೆ ಹಾರ ಕೊಂಡರು. ಸಾಲಿನಲ್ಲಿ ನಿಂತಾಗ ಪ್ರಸಾದ್ ತನ್ನ ಗೆಳೆಯ ವಿವೇಕನಿಗೆ ಸುದ್ದಿ ಹೇಳಿದ. ಕಾರು ಹೆದ್ದಾರಿ ಹತ್ತಿದಾಗ ಹನ್ನೊಂದೂವರೆ.

ಇಂಡಿಯಾನಾ ದಾಟಿದರು. ಮಿಶಿಗನ್ ಗಡಿ ಬಂದೊಡನೆ ಫೋನಿನ ಗಡಿಯಾರ ತಾನೇ ಒಂದು ಗಂಟೆ ಮುಂದಕ್ಕೆ ಹಾರಿತು.

"ಬೆಳಿಗ್ಗೆ ಏನೋ ಓದಿ ನಗ್ತಿದ್ಯಲ್ಲ, ಏನದು?" ಅಂದ ಪ್ರಸಾದ್, ಅವಳನ್ನು ಮಾತಿಗೆಳೆಯಲು.

"ಕನ್ನಡದ ಅಪ್ಪನ ಥಿಯರಿ," ಅಂದಳು. ಆಟದ ಅಭಿಮಾನಿಗಳ ಫೋರಂನಲ್ಲಿ ಅದು ಮೂರು ವಾರದಿಂದ ಹೊತ್ತಿ ಉರಿಯುತ್ತಿತ್ತು. ಕನ್ನಡದಲ್ಲಿ ಆಡಿದ ಯಾರ ವಿಡಿಯೊದಲ್ಲೂ ಅಪ್ಪ ಸಿಗುವುದಿಲ್ಲ, ಎಲ್ಲರಿಗೂ ಖಾಲಿ ಹಾಸಿಗೆಯೇ ಅಂತ ಯಾರೋ ಕಂಡುಹಿಡಿದಿದ್ದ. ಅಲ್ಲಿಂದ ಶುರು. ಕನ್ನಡದ ಆವೃತ್ತಿಯೇ ನಿಜವಾದ ಕತೆಯಂತೆ. ಅಪ್ಪ ಮೊದಲೇ ಸತ್ತಿದ್ದಾನಂತೆ. ಸಂದೇಶ ಕಳಿಸುವುದು ಅವನ ದೆವ್ವವಂತೆ. ಯಾರಿಗೂ ಗೊತ್ತಾಗದಿರಲೆಂದು ಸ್ಟುಡಿಯೊದವರು ಸತ್ಯವನ್ನು ಒಂದು ದೂರದ ಭಾಷೆಯಲ್ಲಿ ಬಚ್ಚಿಟ್ಟಿದ್ದಾರಂತೆ. ಕನ್ನಡದ ಒಂದಕ್ಷರ ಬಾರದ ಒಬ್ಬ, ಬಾಗಿಲ ಮೇಲಿನ ‘ಠ’ಕ್ಕೆ ಕೆಂಪು ಸುತ್ತು ಹಾಕಿ, ‘ನೋಡಿ, ಇದು ಕಣ್ಣು, ಅಪ್ಪ ಇದರಿಂದ ನಮ್ಮನ್ನೇ ನೋಡುತ್ತಿದ್ದಾನೆ’ ಎಂದು ಬರೆದಿದ್ದ.

ಪ್ರಸಾದ್ ನಕ್ಕ. "ಹಾಗಾದ್ರೆ ನೀನು ಗುಟ್ಟಿನ ಪಾರ್ಟಿ. ಹುಷಾರು, ಮನೆ ಹತ್ರ ಬಂದುಬಿಟ್ಟಾರು."

ಕಾಲಮಜೂ ಹತ್ತಿರದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರು. ಮೂರೂಕಾಲು. ಪ್ರಸಾದ್ ಒಳಗೆ ಹೋದ. ಮಂಜರಿ ಹೊರಗಿನ ಬೆಂಚಿನ ಮೇಲೆ ಕೂತು ಮೇಲ್ ತೆರೆದಳು. ಸ್ಟುಡಿಯೊದಿಂದ ಬಂದಿತ್ತು. ಕನ್ನಡದ ಆವೃತ್ತಿಯಲ್ಲಿ ಏನೋ ದೋಷವಿರಬಹುದೆಂದು ಅವರು ಅಂಕಿಅಂಶ ತೆಗೆಸಿದ್ದರು. ಇಂಗ್ಲಿಷಿನಲ್ಲಿ ಆಡಿದವರಲ್ಲಿ ನೂರಕ್ಕೆ ಐವತ್ತೆರಡು ಜನ ಆರು ದಿನದೊಳಗೆ ಅಪ್ಪನನ್ನು ಮುಟ್ಟಿದ್ದರು. ಜರ್ಮನ್‌ನಲ್ಲಿ ನಲವತ್ತೊಂಬತ್ತು, ಕೊರಿಯನ್‌ನಲ್ಲಿ ಐವತ್ತೈದು. ಕನ್ನಡದಲ್ಲಿ ಆಡಿದವರು ಎರಡು ಸಾವಿರದ ನೂರ ನಲವತ್ತು ಜನ. ಮುಟ್ಟಿದವರು ಮೂವತ್ತೇಳು.

ನೂರಕ್ಕೆ ಮೂವತ್ತೇಳಲ್ಲ. ಒಟ್ಟೂ ಮೂವತ್ತೇಳು.

ದೋಷವೇನೂ ಸಿಗಲಿಲ್ಲ, ಆದ್ದರಿಂದ ಆಡಿದವರನ್ನೇ ಕೇಳಿದೆವು, ಉತ್ತರಗಳನ್ನು ಕೆಳಗೆ ಲಗತ್ತಿಸಿದ್ದೇವೆ, ನಮಗೆ ಅರ್ಥವಾಗುತ್ತಿಲ್ಲ, ದಯವಿಟ್ಟು ವಿವರಿಸುತ್ತೀರಾ ಎಂದಿತ್ತು ಮೇಲ್.

ಮಂಜರಿ ಓದಿದಳು.

‘ಅಪ್ಪ ಹೋಗಿಬಿಟ್ಟಿದ್ದಾರೆ ಅಂತ ಮೊದಲ ಮೆಸೇಜಲ್ಲೇ ಗೊತ್ತಾಯ್ತು. ಬೇಜಾರಾಯ್ತು. ಇನ್ನು ಓಡಿ ಏನು ಮಾಡೋದು ಅಂತ ನಕ್ಷೆ ಮುಗಿಸಿಕೊಂಡು ಹೋದೆ.’

‘ಹುಷಾರಿಲ್ಲ ಬಂದು ಹೋಗು ಅಂದ್ರೆ ಅಷ್ಟೇ ಅಲ್ವಾ ಗುರು. ನಮ್ಮ ತಾತಂದೂ ಹಿಂಗೇ ಹೇಳಿದ್ರು.’

‘ಬರಿಗೈಲಿ ಹೋಗೋದು ಬೇಡ ಅಂತ ನಾಲ್ಕನೇ ನಿಲ್ದಾಣದಲ್ಲಿ ಹೂವಿನ ಬೀಜ ಸಿಗುತ್ತಲ್ಲ, ಅದನ್ನ ತಗೊಂಡು ಹೋದೆ. ಹತ್ತು ದಿನ ಆಯ್ತು.’

‘ಒಂದು ನಿಮಿಷ. ಅವರು ಬದುಕಿದ್ರಾ???’

ಎಂಬತ್ತಮೂರು ಉತ್ತರ. ಓದುತ್ತ ಓದುತ್ತ ಮಂಜರಿಯ ಕಿವಿ ಬಿಸಿಯಾಯಿತು. ಆರು ದಿನ ಆ ಅಪ್ಪ ಹಾಸಿಗೆಯಲ್ಲಿ ಒರಗಿ ಕೂತು ಬಾಗಿಲು ನೋಡುತ್ತಿದ್ದ. ಎರಡು ಸಾವಿರ ಮಕ್ಕಳು ಅವನಿಗಾಗಿ ಹೂವಿನ ಬೀಜ ಹುಡುಕುತ್ತಿದ್ದರು. ಅಂಕಲ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಅದನ್ನು ಅವರಿಗೆ ಹೇಳಬೇಕು ಅನ್ನಿಸಿತು, ಈಗಲೇ, ಈ ನಿಮಿಷವೇ. ಹೇಳೋಣವೆಂದರೆ ಅವರು...

ಅವರು ಏನು?

ದೊಡ್ಡ ಲಾರಿಯೊಂದು ಪಕ್ಕದಲ್ಲಿ ಬಂದು ನಿಂತಿತು. ಮಂಜರಿ ಎದ್ದು ನಿಂತಳು. ಆಂಟಿ ಏನಂದಿದ್ದರು? ಹುಷಾರಿಲ್ಲ ಕಣಮ್ಮ. ಸಾಧ್ಯ ಆದ್ರೆ ಒಂದ್ಸಲ ಬಂದು ಹೋಗು. ಅದರಲ್ಲಿ ಸಾವೆಲ್ಲಿತ್ತು? ಆಂಟಿ ಅತ್ತಿರಲಿಲ್ಲ. ಕಳಿಸಿದ ವಿಳಾಸ ಮನೆಯದಲ್ಲ, ಆಸ್ಪತ್ರೆಯದು. ದೇಹ ಇನ್ನೂ ಅಲ್ಲೇ ಇರಬೇಕು ಎಂದು ತಾವಿಬ್ಬರೇ ಸೇರಿ ಅರ್ಥ ಮಾಡಿಕೊಂಡಿದ್ದರು.

ಪ್ರಸಾದ್ ಕಾಫಿ ಹಿಡಿದು ಬಂದ. "ಏನಾಯ್ತು, ಮುಖ ಯಾಕೆ ಹಾಗಿದೆ?"

"ಪ್ರಸಾದ್, ಅಂಕಲ್ ಬದುಕಿದ್ರೆ?"

"ಮಂಜು..."

"ಸತ್ತರು ಅಂತ ನಿನಗೆ ಯಾರು ಹೇಳಿದ್ದು?"

"ನೀನು."

"ನನಗೆ ಯಾರು ಹೇಳಿದ್ದು?"

ಪ್ರಸಾದ್ ಕಾಫಿ ಲೋಟವನ್ನು ಕಾರಿನ ಮೇಲಿಟ್ಟು ಫೋನ್ ತೆಗೆದ. ಬೆರಳಲ್ಲಿ ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ, "ಅಯ್ಯಯ್ಯೋ," ಅಂದ.

ವಿವೇಕ ಸುಮ್ಮನಿರುವ ಪೈಕಿಯಲ್ಲ. ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಉಪೇಂದ್ರ ಅವರ ಫೋಟೊ ಹಾಕಿ, ಸುತ್ತ ಚೌಕಟ್ಟು ಬಿಡಿಸಿ, ‘ಹಿರಿಯ ಜೀವ ಇನ್ನಿಲ್ಲ’ ಎಂದು ಬರೆದಿದ್ದ. ಕೆಳಗೆ ನಲವತ್ತಾರು ಓಂ ಶಾಂತಿ, ಮುಗಿದ ಕೈಗಳ ಸಾಲು.

"ತೆಗಿಸು. ಈಗಲೇ ತೆಗಿಸು."

ಪ್ರಸಾದ್ ವಿವೇಕನಿಗೆ ಫೋನ್ ಮಾಡಿ ಕೂಗಾಡಿದ. "ಲೋ, ಅಳಿಸೋ ಮೊದಲು! ಗ್ಯಾರಂಟಿ ಇಲ್ಲ ಕಣೋ... ಗ್ಯಾರಂಟಿ ಇಲ್ಲ ಅಂದ್ರೆ ಏನಂತ ಕೇಳ್ತೀಯಲ್ಲ, ಇದ್ರೂ ಇರಬಹುದು ಕಣೋ!" ಮಂಜರಿ ಆಂಟಿಗೆ ಹಚ್ಚಿದಳು. ರಿಂಗೇ ಆಗದೆ ಸೀದಾ ವಾಯ್ಸ್‌ಮೇಲ್. ಮತ್ತೆ ಹಚ್ಚಿದಳು, ಮತ್ತೆ. ಆಸ್ಪತ್ರೆಗೆ ಹಚ್ಚಿದರೆ, ಮನೆಯವರಲ್ಲದವರಿಗೆ ಫೋನಿನಲ್ಲಿ ಏನೂ ಹೇಳುವಂತಿಲ್ಲ ಅಂದಳು ಒಬ್ಬ ಹೆಂಗಸು. ಇದ್ದಾರೋ ಇಲ್ಲವೋ ಅಷ್ಟು ಹೇಳಿ ಸಾಕು ಅಂತ ಮಂಜರಿ ಇಂಗ್ಲಿಷಿನಲ್ಲಿ ಗೋಗರೆದಳು. ಅತ್ತಲಿಂದ, ಕ್ಷಮಿಸಿ.

ಹೊರಡುವಾಗ ಹಿಂದಿನ ಸೀಟಿನ ಹಾರ ಅವಳ ಕಣ್ಣಿಗೆ ಬಿತ್ತು. "ಇದನ್ನ ಇಟ್ಕೊಂಡು ನಾನು ಆ ಬಾಗಿಲು ದಾಟಲ್ಲ."

"ಎಸೆಯೋದಾ?"

"ಏನಾದ್ರೂ ಮಾಡು."

ಪ್ರಸಾದ್ ಹಾರವನ್ನು ಪಿಕ್ನಿಕ್ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದ. ಅಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಮೆರಿಕನ್ ಮುದುಕ, ಮದುವೆಯೋ ಎಂದು ಕೇಳಿದ. ಹೌದೆಂದು ತಲೆಯಾಡಿಸಿ ಪ್ರಸಾದ್ ಓಡಿಬಂದ.

ಅಲ್ಲಿಂದ ನೂರೈವತ್ತು ಮೈಲಿ. ಬ್ಯಾಟಲ್ ಕ್ರೀಕ್, ಜಾಕ್ಸನ್, ಆನ್ ಆರ್ಬರ್. ಪ್ರಸಾದ್ ಎಂಬತ್ತೈದರಲ್ಲಿ ಬಿಟ್ಟ. ಬದುಕಿದ್ದರೆ ಏನು ಹೇಳಬೇಕೆಂದು ಮಂಜರಿ ಜೋಡಿಸಿಕೊಳ್ಳುತ್ತಿದ್ದಳು. ಕ್ಷಮಿಸಿ ಅಂಕಲ್, ನೀವು ಹೇಳಿದ್ದೇ ಸರಿ, ಎರಡು ಸಾವಿರದ ನೂರ ಮೂರು ಜನ ಸಾಕ್ಷಿ ಇದ್ದಾರೆ. ಇದನ್ನು ಕೇಳಿ ಅವರು ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ. ಬೈಯಲಿ. ಎರಡು ಗಂಟೆ ಬೈಯಲಿ. ನೋವೈ ದಾಟಿ ಆರ್ಚರ್ಡ್ ಲೇಕ್ ರಸ್ತೆಗೆ ತಿರುಗುವ ಹೊತ್ತಿಗೆ ಅವಳು ಯಾವ ದೇವರ ಹೆಸರನ್ನೂ ಬಿಟ್ಟಿರಲಿಲ್ಲ.

ಮೂರನೇ ಮಹಡಿಯ ತೀವ್ರ ನಿಗಾ ಘಟಕದ ಹೊರಗೆ, ಗೋಡೆಗೆ ಒತ್ತಿ ಹಾಕಿದ ಕುರ್ಚಿಯಲ್ಲಿ ಪದ್ಮ ಆಂಟಿ ಕೂತಿದ್ದರು. ಕೊರಳಲ್ಲಿ ಕರಿಮಣಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಅಷ್ಟು ದೂರದಿಂದಲೇ ಮಂಜರಿ ನೋಡಿದ್ದು ಅದನ್ನು. ಓಡುತ್ತ ಹತ್ತಿರ ಹೋದಳು.

"ಇದ್ದಾರಾ ಆಂಟಿ?"

"ಇದ್ದಾರಾ ಅಂದ್ರೆ?" ಆಂಟಿಗೆ ಮೊದಲು ಅರ್ಥವಾಗಲಿಲ್ಲ. "ಈಗ ಬಂದ್ಯಾ? ಬೆಳಿಗ್ಗೆಯಿಂದ ಬಾಗಿಲು ನೋಡಿ ನೋಡಿ ಸಾಕಾಯ್ತಲ್ಲೇ ಅವರಿಗೆ. ನ್ಯುಮೋನಿಯಾ. ಉಸಿರಾಡೋಕೆ ಆಗ್ತಿಲ್ಲ, ಗಂಟಲಿಗೆ ಟ್ಯೂಬ್ ಹಾಕ್ಬೇಕು, ಹಾಕಿದ್ಮೇಲೆ ನಿದ್ದೆಯಲ್ಲೇ ಇಡ್ತೀವಿ ಅಂದ್ರು ಡಾಕ್ಟರು. ಮಂಜರಿ ಬರ್ಲಿ, ಒಂದು ಮಾತಿದೆ ಅಂತ ಇವರು ತಳ್ತಾ ತಳ್ತಾ ಬಂದ್ರು. ಮೂರು ಗಂಟೆಗೆ ಇನ್ನು ಕಾಯೋಕಾಗಲ್ಲ ಅಂದ್ಬಿಟ್ರು. ಅಲ್ಲೀವರೆಗೂ ಮಾತಾಡ್ತಿದ್ರು ಕಣೇ."

ಎಂಟೂವರೆಗೆ ಹೊರಟಿದ್ದರೆ ಇಲ್ಲಿನ ಗಡಿಯಾರದ ಎರಡೂವರೆಗೆ ಮುಟ್ಟಿರುತ್ತಿದ್ದರು. ಆ ಲೆಕ್ಕವನ್ನು ಮಂಜರಿ ಮಾಡಲಿಲ್ಲ, ಅದಾಗಿಯೇ ಆಯಿತು. ಮೂರು ಗಂಟೆಗೆ ಅವಳು ಎಲ್ಲಿದ್ದಳು? ಕಾಲಮಜೂ ಹತ್ತಿರ, ‘ಠ’ ಅಕ್ಷರದ ಬಗ್ಗೆ ಗಂಡನ ಜೊತೆ ನಗುತ್ತ.

"ಏನು ಮಾತು ಆಂಟಿ?"

"ನನಗೆ ಹೇಳಲಿಲ್ಲ. ಅವಳಿಗೇ ಹೇಳ್ತೀನಿ ಅಂದ್ರು."

ಪ್ರಸಾದ್ ತಲೆ ತಗ್ಗಿಸಿ ನಿಜ ಹೇಳಿದ. ಸೀರೆಗೆ ಇಸ್ತ್ರಿ ಮಾಡಿದ್ದು, ಚಪಾತಿ ಕಟ್ಟಿದ್ದು, ಅಂಗಡಿಯ ಬಾಗಿಲಲ್ಲಿ ಕಾದದ್ದು. ಹಾರದ ಮಾತು ಬಂದಾಗ ಅವನ ದನಿ ಕೆಳಗಿಳಿಯಿತು. ಆಂಟಿ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದರು.

"ಹುಷಾರಿಲ್ಲ ಅಂದ್ರೆ ಹುಷಾರಿಲ್ಲ ಅಂತಲ್ವೇನೇ? ಇನ್ನೇನು ಹೇಳ್ಬೇಕಿತ್ತು ನಾನು? ಜಾಸ್ತಿ ಹೇಳಿದ್ರೆ ಗಾಬರಿಯಲ್ಲಿ ಕಾರು ಓಡಿಸ್ತಾರೆ ಅಂತ ಅಳು ಕೂಡ ನುಂಗ್ಕೊಂಡು ಫೋನ್ ಇಟ್ಟೆ. ಇವರೇ ಹೇಳಿಕೊಟ್ಟಿದ್ದು, ಮಂಜರಿ ಇದ್ದದ್ದನ್ನ ಇದ್ದ ಹಾಗೇ ಓದೋಳು, ಅವಳಿಗೆ ಸುತ್ತಿ ಬಳಸಿ ಹೇಳ್ಬೇಡ, ಎರಡು ಮಾತು ಸಾಕು ಅಂತ."

ಮಂಜರಿ ಆಂಟಿಯ ಕೈ ಹಿಡಿದುಕೊಂಡಳು.

ಒಳಗೆ ಒಬ್ಬೊಬ್ಬರನ್ನೇ ಬಿಟ್ಟರು. ಅಂಕಲ್ ಬಹಳ ಸಣ್ಣಗಾಗಿದ್ದರು. ಬಾಯಿಂದ ಕೊಳವೆ, ಕೊಳವೆಯ ತುದಿಯಲ್ಲಿ ಯಂತ್ರ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಒಂದೇ ಅಳತೆಯಲ್ಲಿ. ಕನ್ನಡಕವಿಲ್ಲದ ಮುಖವನ್ನು ಅವಳು ನೋಡಿದ್ದು ಎರಡನೇ ಸಲ. ಕಿವಿಯ ಹತ್ತಿರ ಬಗ್ಗಿ, ದಾರಿಯುದ್ದಕ್ಕೂ ಜೋಡಿಸಿಕೊಂಡದ್ದನ್ನು ಹೇಳಿದಳು. ಎರಡು ಸಾವಿರದ ನೂರ ಮೂರು ಜನ ಅಂದಳು. ಮತ್ತೊಬ್ಬಳು ನಾನು ಅಂದಳು. ಯಂತ್ರ ತನ್ನ ಪಾಡಿಗೆ ಉಸಿರು ಎಳೆಯಿತು. ಕಿವಿಗೆ ಬೀಳದ ಸಾಲು ಪಾಸಾಗುವುದಿಲ್ಲ. ಇದು ಬಿತ್ತೋ ಇಲ್ಲವೋ ಹೇಳುವವರಾರು? ನರ್ಸ್ ಬಂದು, ಬೆಳಿಗ್ಗೆಯವರೆಗೆ ಏನೂ ಹೇಳಲಾಗದು, ಹೋರಾಡುತ್ತಿದ್ದಾರೆ ಅಂದಳು.

ಹೊರಗೆ ಬಂದಾಗ ಆಂಟಿ, "ನನ್ನ ಫೋನಿನ ಚಾರ್ಜ್ ಮಧ್ಯಾಹ್ನವೇ ಹೋಯ್ತಮ್ಮ. ನಂಬರು ಹೇಳ್ತೀನಿ, ಮೈಸೂರಿಗೆ ಗಿರೀಶನಿಗೆ ನೀನೇ ತಿಳಿಸು. ಅವನ ಹತ್ರ ವೀಸಾ ಇದೆ, ಹೊರಟ್ರೆ ಅಣ್ಣನ್ನ ನೋಡಬಹುದು," ಅಂದರು. ಗಿರೀಶ ಅಂಕಲ್‌ರ ಒಬ್ಬನೇ ತಮ್ಮ.

ಮಂಜರಿ ಬರೆಯಲು ಕೂತಳು. ಇಷ್ಟು ಹುಷಾರಾಗಿ ಅವಳು ಯಾವ ಸಾಲನ್ನೂ ಬರೆದಿರಲಿಲ್ಲ. ‘ನಾನು ಮಂಜರಿ, ಪದ್ಮ ಆಂಟಿಯ ಪಕ್ಕದಲ್ಲೇ ಇದ್ದೇನೆ. ಉಪೇಂದ್ರ ಅಂಕಲ್ ಬದುಕಿದ್ದಾರೆ. ನ್ಯುಮೋನಿಯಾ. ಮಧ್ಯಾಹ್ನ ಮೂರರವರೆಗೆ ಮಾತಾಡುತ್ತಿದ್ದರು. ಈಗ ಯಂತ್ರದ ಸಹಾಯದಿಂದ ಉಸಿರಾಡುತ್ತಿದ್ದಾರೆ. ನಾನೇ ಕಣ್ಣಾರೆ ನೋಡಿದೆ. ಇದು ಸಮಾಧಾನದ ಮಾತಲ್ಲ. ಅವರು ಬದುಕಿದ್ದಾರೆ. ಕೂಡಲೇ ಹೊರಡಿ.’

ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕೂಕಾಲು. ಉತ್ತರ ಎರಡೇ ನಿಮಿಷಕ್ಕೆ ಬಂತು.

‘ಗೊತ್ತಾಯಿತಮ್ಮ. ಅತ್ತಿಗೆಯನ್ನು ನೋಡಿಕೊಳ್ಳಿ. ನಾನು ಬರುವುದರೊಳಗೆ ಎಲ್ಲ ಮುಗಿಸಿಬಿಡಿ, ನನಗಾಗಿ ಇಟ್ಟುಕೊಂಡು ಕೂರಬೇಡಿ. ಎಷ್ಟು ಹೊತ್ತಿಗೆ ಹೋದರು?’

ಮಂಜರಿ ಅದನ್ನು ಮೂರು ಸಲ ಓದಿದಳು. ನಂತರ ವಿಡಿಯೊ ಕರೆ ಒತ್ತಿದಳು.

ತೆರೆಯ ಮೇಲೆ ಅಂಕಲ್‌ರದೇ ಮೂಗಿನ, ಇನ್ನೂ ಕಪ್ಪು ಉಳಿದ ಮೀಸೆಯ ಮನುಷ್ಯ ಕಾಣಿಸಿಕೊಂಡ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಗಲ ಮೇಲೆ ಒದ್ದೆ ಪಂಚೆ. ಸುದ್ದಿ ಕೇಳಿದವರು ಮಾಡುವ ಸ್ನಾನವನ್ನು ಗಿರೀಶ ಮಾಡಿ ಮುಗಿಸಿದ್ದ.

"ಸ್ನಾನ ಯಾಕೆ ಮಾಡಿದ್ರಿ ಅಂಕಲ್? ಅವರು ಇದ್ದಾರೆ!"

"ನಿಮ್ಮ ಶಿಕಾಗೊ ಗುಂಪಿನ ಫೋಟೊ ಆಗಲೇ ಬಂತಮ್ಮ, ಯಾರೋ ಕಳಿಸಿದ್ರು. ಪರವಾಗಿಲ್ಲ. ನನಗೂ ಅರವತ್ತೈದಾಯ್ತು, ತಡ್ಕೋತೀನಿ. ನೀನು ಕಷ್ಟಪಡಬೇಡ."

"ಅದು ತಪ್ಪು ಸುದ್ದಿ. ನಮ್ಮಿಂದಲೇ ಆದ ತಪ್ಪು. ಅಂಕಲ್, ನಾನು ಹೇಳ್ತಿರೋದು ಸುಳ್ಳಲ್ಲ."

"ಎಲ್ಲರೂ ಹಾಗೇ ಹೇಳೋದು. ನಾನೂ ಎಷ್ಟು ಜನಕ್ಕೆ ಹೇಳಿದೀನಿ."

ಮಂಜರಿ ನರ್ಸ್‌ನ ಕಡೆ ಒಂದು ಸಲ ಕೈಮುಗಿದು, ಫೋನ್ ಹಿಡಿದುಕೊಂಡೇ ಒಳಗೆ ನುಗ್ಗಿದಳು. ಹಾಸಿಗೆಯ ಕಡೆ ತಿರುಗಿಸಿ ಹಿಡಿದಳು. "ನೋಡಿ. ಎದೆ ಏಳ್ತಿದೆ ನೋಡಿ."

ಗಿರೀಶ ಬಹಳ ಹೊತ್ತು ನೋಡಿದ. ಅವನ ಗಲ್ಲದಿಂದ ಒಂದು ಹನಿ ಬಿತ್ತು. "ಅದು ಮಿಷನ್ ಏಳಿಸ್ತಿರೋದಮ್ಮ," ಅಂದ, ಮಗುವಿಗೆ ತಿಳಿಹೇಳುವ ಹಾಗೆ.

ಮಂಜರಿ ಅಂಕಲ್‌ರ ಎದೆ ನೋಡಿದಳು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಅದು ಮಿಷನ್ನೇ. ಇನ್ನು ಯಾವ ಮಾತು ತಂದು ಒಡ್ಡುವುದು? ಬೆಳಗಿನಿಂದ ಮೊದಲ ಸಲ ಅವಳಿಗೆ ಅಳು ಬಂತು. ಮಾತಿಲ್ಲದೆ, ಸದ್ದಿಲ್ಲದೆ ಅತ್ತಳು.

ಆಮೇಲೆ ಗಿರೀಶನೇ ಕೇಳಿದ: "ಕಾಲು ಮುಟ್ಟಿ ನೋಡ್ತೀಯಾಮ್ಮ? ತಣ್ಣಗಿದ್ಯಾ?"

ಫೋನನ್ನು ಮಂಚದ ಕಂಬಿಗೆ ಒರಗಿಸಿ ಮಂಜರಿ ಕಾಲಿನ ಕಡೆ ಹೋದಳು. ಹೊದಿಕೆ ಸರಿಸಿದಳು. ಒಣಗಿದ, ಬಿರುಕು ಬಿಟ್ಟ ಎರಡು ಪಾದಗಳು. ಎಡದ ಹೆಬ್ಬೆರಳಿನ ಉಗುರು ಒಡೆದಿತ್ತು. ಅವಳು ಬಗ್ಗಿ ಎರಡು ಕೈಯಲ್ಲೂ ಎರಡನ್ನೂ ಹಿಡಿದಳು. ಹಿಡಿದವಳು ಹಾಗೇ ನಿಂತುಬಿಟ್ಟಳು.

"ಮಂಜರೀ? ಹೇಳಮ್ಮ."

"ಬೆಚ್ಚಗಿದೆ."

"ಎರಡೂ?"

"ಎರಡೂ ಬೆಚ್ಚಗಿದೆ ಅಂಕಲ್."

ಪರದೆಯಲ್ಲಿ ಗಿರೀಶ ಪಂಚೆಯ ತುದಿಯನ್ನು ಬಾಯಿಗೆ ಒತ್ತಿಕೊಂಡ. ಅವನ ಭುಜಗಳು ಅಲುಗುತ್ತಿದ್ದವು. ಹಿಂದೆ ಯಾರನ್ನೋ ಕೂಗಿ ಪಾಸ್‌ಪೋರ್ಟ್ ತರಲು ಹೇಳಿದ. ತಿರುಗಿ ಫೋನಿನ ಹತ್ತಿರ ಮುಖ ತಂದು, "ಕೈ ತೆಗೀಬೇಡಮ್ಮ," ಅಂದ. "ಟಿಕೆಟ್ ಆಗೋವರೆಗೂ ಹಾಗೇ ಹಿಡ್ಕೊಂಡಿರು."

ಮಂಜರಿ ತೆಗೆಯಲಿಲ್ಲ.